ಐದರಲ್ಲೇ ತಿರುಗುವ ಫ್ಯಾನಿಗೆ ಹಳೇ ಕಾರ್ಡ್ ಬಳಗದ ದೂರು

ದರ್ಜಿ ಅಂಗಡಿಯ ಮಹಡಿಯ ಕೋಣೆಯಲ್ಲಿ, ನಮ್ಮೆಲ್ಲರಿಗಿಂತ ಉನ್ನತ ಸ್ಥಾನದಲ್ಲಿ ನೇತಾಡುತ್ತಿರುವ ಮಾನ್ಯ ಫ್ಯಾನ್ ಮಹಾಶಯರೇ,

ತಮ್ಮ ಮೂರೂ ರೆಕ್ಕೆಗಳಿಗೆ ಪ್ರತ್ಯೇಕವಾಗಿ ನಮಸ್ಕರಿಸಿ, ಹಳೇ ಕಾರ್ಡ್ ಬಳಗದ ಸಂಸ್ಥಾಪಕ, ಅಧ್ಯಕ್ಷ, ಕಾರ್ಯದರ್ಶಿ ಹಾಗೂ ಕಸ ಗುಡಿಸುವವನಾದ ನಾನು ಬಿನ್ನವಿಸಿಕೊಳ್ಳುವುದೇನೆಂದರೆ, ಕಳೆದ ಭಾನುವಾರ ತಾವು ನಡೆಸಿದ ದಾಂಧಲೆಯ ಬಗ್ಗೆ ಬಹಿರಂಗವಾಗಿ ದೂರದೆ ನನಗೆ ಬೇರೆ ದಾರಿ ಉಳಿದಿಲ್ಲ. ತಾವೂ ಅಲ್ಲೇ ಇದ್ದಿರಿ, ನಿಜ. ಆದರೆ ಗಿರಗಿರನೆ ತಿರುಗುತ್ತಿದ್ದವರಿಗೆ ಎಷ್ಟು ಕಂಡಿತೋ ಎಂಬ ಅನುಮಾನದಿಂದ ಮೊದಲಿನಿಂದಲೇ ನಿವೇದಿಸುತ್ತೇನೆ.

ನಾವು ಆಡುವುದು ಇಸ್ಪೀಟಲ್ಲ. ಹಾವು, ಮಾಂತ್ರಿಕ, ಕೋಟೆಗಳ ಚಿತ್ರವಿರುವ ಕಾರ್ಡುಗಳ ಕಟ್ಟು ಹಿಡಿದು ಎದುರಿಗೆ ಕೂತವರ ಮೇಲೆ ಯುದ್ಧ ಸಾರುವ ಆಟ. ಕಂಪನಿಯವರು ಹೊಸ ಕಾರ್ಡುಗಳನ್ನು ಅಚ್ಚು ಹಾಕುತ್ತಲೇ ಇದ್ದಾರೆ. ನಾವು ಮಾತ್ರ ನಮ್ಮ ಶಾಲಾದಿನಗಳ ಕಾರ್ಡುಗಳಿಗಷ್ಟೇ ನಿಷ್ಠರು. ಈ ನಿಷ್ಠೆಯ ಫಲವಾಗಿ ಜೊತೆಗೆ ಯಾರೂ ಸಿಗದೆ, ನಾನು ಬಹುಕಾಲ ಬಲಗೈಯಿಂದ ಒಂದು ಪಕ್ಷ, ಎಡಗೈಯಿಂದ ಇನ್ನೊಂದು ಪಕ್ಷ ಆಡುತ್ತ, ಹೆಚ್ಚಾಗಿ ಎಡಗೈಗೆ ಸೋಲುತ್ತಿದ್ದೆ. "ಅಷ್ಟು ಬುದ್ಧಿ ಇರೋ ಕೈನ ಸ್ವಲ್ಪ ತರಕಾರಿ ಹೆಚ್ಚೋಕೆ ಕಳಿಸ್ರೀ" ಎಂದು ನನ್ನ ಹೆಂಡತಿ ಅಂದ ದಿನವೇ ಬಳಗ ಕಟ್ಟುವ ಹಟ ಹುಟ್ಟಿತು.

'ಹಳೇ ಕಾರ್ಡ್ ಇದ್ದವರು ಭಾನುವಾರ ಮಹಡಿಗೆ ಬನ್ನಿ' ಎಂದು ಚೀಟಿ ಅಂಟಿಸಿದೆ. ಒಬ್ಬರು ಅವಧಿ ಮುಗಿದ ಲೈಬ್ರರಿ ಕಾರ್ಡು ತಂದು ನವೀಕರಿಸಿಕೊಡಿ ಎಂದರು. ಇನ್ನೊಬ್ಬರು ಒಂದು ಚೀಲ ಮದುವೆ ಕಾರ್ಡು ತಂದು, ತೂಕಕ್ಕೆ ತಗೊಳ್ಳುವುದಾದರೆ ಹೇಳಿ ಎಂದರು. ಇಷ್ಟೆಲ್ಲ ಆಗಿ ಅಸಲಿ ಆಟಗಾರರು ನನ್ನನ್ನೂ ಸೇರಿಸಿ ಏಳು ಮಂದಿ ಉಳಿದೆವು. ಕೋಣೆಯ ಮಾಲೀಕರಾದ ದರ್ಜಿ ಯಜಮಾನರದು ಒಂದೇ ಷರತ್ತು: "ತಿಂಗಳು ಮುಗಿಯೋದ್ರೊಳಗೆ ಎಂಟು ಜನ ಆದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಬಟ್ಟೆ ತಂದು ತುಂಬ್ತೀನಿ." ಕಳೆದ ಭಾನುವಾರ ಆ ತಿಂಗಳ ಕೊನೆಯ ಭಾನುವಾರವಾಗಿತ್ತು.

ಎಂಟನೆಯವರ ಸುಳಿವಿಲ್ಲ. ಇದ್ದ ಏಳು ಮಂದಿಯೂ "ನಿಮ್ಮ ಸರದಿ" ಎಂಬುದನ್ನು ಬಿಟ್ಟು ಬೇರೆ ಮಾತಾಡಿದವರಲ್ಲ. ಉಳಿದ ಆರು ಮಂದಿಯೂ ಒಬ್ಬೊಬ್ಬರಾಗಿ ಜಾರಿಕೊಂಡು, ಮತ್ತೆ ನಾನೂ ನನ್ನ ಎಡಗೈಯೂ ಎದುರುಬದುರು ಕೂರುವ ಗತಿ ಬಂದೀತೆಂದು ನಾನು ಕಾರ್ಡು ಬಿಟ್ಟು ಬಾಗಿಲನ್ನೇ ನೋಡುತ್ತಿದ್ದೆ.

ಇನ್ನು ತಮ್ಮ ಗುಣಗಾನ. ರೆಗ್ಯುಲೇಟರ್ ಕೆಟ್ಟಿರುವುದರಿಂದ ತಮಗೆ ಗೊತ್ತಿರುವುದು ಎರಡೇ: ಒಂದೋ ಮೌನವ್ರತ, ಇಲ್ಲವೇ ಐದನೇ ನಂಬರು. ಹಾಗಾಗಿ ತಮ್ಮನ್ನು ಎಬ್ಬಿಸದೆ ಬೆವರು ಸುರಿಸುತ್ತಲೇ ಆಡುತ್ತಿದ್ದೆವು. ಕಾರ್ಡುಗಳಿಗೆ ಪ್ಲಾಸ್ಟಿಕ್ ಕವರು ಹಾಕಿದ್ದರೆ ಭಾರಕ್ಕಾದರೂ ಒಂದಿಷ್ಟು ಕೂತಿರುತ್ತಿದ್ದವೇನೋ. ಆದರೆ 'ಬಾಲ್ಯದಲ್ಲಿ ಆಡಿದಂತೆ ಬರೀ ಕಾರ್ಡಿನಲ್ಲೇ ಆಡತಕ್ಕದ್ದು, ಕವರು ಹಾಕತಕ್ಕದ್ದಲ್ಲ' ಎಂಬ ನಿಯಮ ಮಾಡಿದ ಮಹಾನುಭಾವ ಯಾರೆಂದು ದಯವಿಟ್ಟು ಕೇಳಬೇಡಿ. ನಾನೇ. "ನಿಯಮ ಹಾಳಾಗ್ಲಿ ಸಾರ್, ನಾನು ಬೆಂದು ಹೋಗ್ತಿದೀನಿ" ಎಂದು ನಮ್ಮ ಕ್ಷೌರಿಕ ಮಿತ್ರರು ಎದ್ದು ಸ್ವಿಚ್ಚು ಒತ್ತಿಯೇಬಿಟ್ಟರು.

ಆಮೇಲಿನದು ತಮ್ಮ ಪರಾಕ್ರಮ. ಏಳು ಜನರ ಬಾಲ್ಯ ಒಂದೇ ಏಟಿಗೆ ಗಾಳಿಗೆ ಹಾರಿತು. ಎಲ್ಲರ ಕಾರ್ಡುಗಳ ಬೆನ್ನೂ ಒಂದೇ ಥರ, ಹೊಟ್ಟೆಯ ಚಿತ್ರಗಳೂ ಬಹುಪಾಲು ಅವೇ. ಯಾರದು ಯಾವುದೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ನೆಲದ ಮೇಲೆ ಅಂಬೆಗಾಲಿಕ್ಕುತ್ತಾ ಆಯತೊಡಗಿದೆವು. ಆಗ ನಮ್ಮ ಬಳಗದ ಔಷಧಿ ಅಂಗಡಿಯಾಕೆ, "ಅಯ್ಯೋ, ಇದು ನಂದೇ! ನೋಡಿ, ನನ್ನ ತಂಗಿ ಕಚ್ಚಿದ್ದು" ಎಂದು ಹಲ್ಲಿನ ಗುರುತು ತೋರಿಸಿದರು. ಕ್ಷೌರಿಕರ ಕಾರ್ಡಿನ ಮೇಲೆ ಶಾಲೆಯಲ್ಲಿ ಮೇಷ್ಟ್ರು ಕಿತ್ತುಕೊಂಡು ಹಾಕಿದ ಕೆಂಪು ಇಂಕಿನ ಗೀಟು. ಕವರಿಲ್ಲದ ಕಾರ್ಡುಗಳ ಮೇಲೆ ಎಲ್ಲರ ಮನೆಯ ಕಥೆಯೂ ಅಂಟಿತ್ತು. ಬಾಯಿ ಬಿಡದವರೆಲ್ಲ ಬಿದ್ದು ಬಿದ್ದು ನಗುತ್ತಾ ಹೇಳಿಕೊಂಡರು. ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಸಿಗದೆ ಹೋದದ್ದು ನನ್ನ ಮೂರು ತಲೆಯ ಹಾವು ಒಂದೇ. ಅದನ್ನು ತಾವು ಕಿಟಕಿಯಿಂದಾಚೆ ಕಳಿಸಿದ್ದಿರಿ. ಸ್ವಲ್ಪ ಹೊತ್ತಿಗೆ ದರ್ಜಿ ಯಜಮಾನರು ಅದನ್ನು ಹಿಡಿದು ಮೇಲೆ ಬಂದು, "ಮೂಲೆ ಮಡಚ್ಕೊಂಡಿತ್ತು, ಒಂದ್ಸಲ ಇಸ್ತ್ರಿ ಎಳ್ದಿದೀನಿ" ಎಂದು ಅಕ್ಕರೆಯಿಂದ ಕೊಟ್ಟರು. ಹಾವಿಗೆ ಎರಡೇ ತಲೆ ಉಳಿದಿದ್ದವು, ಮೂರನೆಯದು ಇಸ್ತ್ರಿಪೆಟ್ಟಿಗೆಗೆ ಅಂಟಿಕೊಂಡು ಹೋಗಿತ್ತು. ಸುಳ್ಳೇಕೆ, ಅಳು ಬಂತು. ಆದರೆ ಅವರು ಹೋಗದೆ, "ಈ ಹಾವು ಏನ್ಮಾಡುತ್ತೆ?" ಎಂದರು. ಏಳು ಜನರೂ ಒಟ್ಟಿಗೆ ಉತ್ತರ ಹೇಳಿದೆವು. ಅವರು ಕೂತರು, ಕಲಿತರು, ನನ್ನನ್ನು ಸೋಲಿಸಿದರು; ಏಳುವಾಗ, "ಎಂಟನೆಯೋನು ನಾನೇ ಆದ್ರೆ ನಡಿಯುತ್ತಾ?" ಎಂದು ಸಂಕೋಚದಿಂದ ಕೇಳಿದರು.

ಆದ್ದರಿಂದ ಮಹಾಶಯರೇ, ಇನ್ನು ಮುಂದೆ ತಾವು ಗಾಳಿಯನ್ನು ನಮ್ಮ ಕುತ್ತಿಗೆಯವರೆಗೆ ಇಳಿಸಿ ಅಲ್ಲಿಂದಲೇ ವಾಪಸ್ಸು ಕರೆಸಿಕೊಳ್ಳಬೇಕೆಂದೂ, ಕಾರ್ಡು ಹಾರಿಸಲೇಬೇಕಾದಲ್ಲಿ ಗೆಲ್ಲುತ್ತಿರುವವರದನ್ನು ಮಾತ್ರ ಹಾರಿಸಬೇಕೆಂದೂ ಪ್ರಾರ್ಥನೆ. ತಮ್ಮನ್ನು ರಿಪೇರಿ ಮಾಡಲು ಎಲೆಕ್ಟ್ರಿಷಿಯನ್ ಬರಲಿದ್ದಾರೆ. ಕೈಮುಗಿದು ಕೇಳುತ್ತೇನೆ, ಅವರ ಕೈಯಲ್ಲಿ ಪೂರ್ತಿ ಸರಿಹೋಗಬೇಡಿ.

ತಮ್ಮ ಗಾಳಿಗೆ ಸಿಕ್ಕಿದ ವಿಶ್ವಾಸಿ,
ಅಧ್ಯಕ್ಷ (ಎಂಟು ಜನರಿಗೆ)

ತಾ.ಕ.: ಹಾವಿಗೆ ಎರಡೇ ತಲೆ ಇರುವುದರಿಂದ ಅದರ ಬಲವನ್ನೂ ಅಷ್ಟೇ ಲೆಕ್ಕ ಹಿಡಿಯಬೇಕೆಂದು ಬಳಗ ಬಹುಮತದಿಂದ ತೀರ್ಮಾನಿಸಿದೆ, ಸೂಚಿಸಿದವರು ಇಸ್ತ್ರಿ ಎಳೆದ ಯಜಮಾನರೇ. ಮೂರನೆಯ ತಲೆ ಯಾರದೋ ಪ್ಯಾಂಟಿನ ಮೇಲೆ ಊರು ಸುತ್ತುತ್ತಿದೆಯಂತೆ. ನನ್ನ ಎಡಗೈ ಮಾತ್ರ ಕೆಲಸ ಕಳೆದುಕೊಂಡು ಸದ್ಯ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದೆ, ಅಲ್ಲೂ ಬಲಗೈಗಿಂತ ಚೆನ್ನಾಗಿ.