ಎಡಗೈ ಮೌಸು

ಕಂಪ್ಯೂಟರಿನ ಮುಂದೆ ಕೂತವರಿಗೆಲ್ಲ ಉಪದೇಶ ಮಾಡುವ ಚಟ ನನಗಿದೆ. ಇಬ್ರಾಹಿಂಪುರದ ನಮ್ಮ ಸಣ್ಣ ಲಗ್ನಪತ್ರಿಕೆ ಅಂಗಡಿಗೆ ಬಂದವರು ಕಾರ್ಡಿನ ಜೊತೆಗೆ ನನ್ನ ಪಾಂಡಿತ್ಯವನ್ನೂ ಹೊತ್ತುಕೊಂಡೇ ಹೋಗಬೇಕು. ಒಂದೇ ಜಾಗದಲ್ಲಿ ಮೂರು ಸಲ ಟಕಟಕ ಒತ್ತಿದರೆ ಇಡೀ ಪ್ಯಾರಾ ಆಯ್ಕೆಯಾಗುತ್ತದೆ. ಕಂಟ್ರೋಲ್ ಹಿಡಿದು ಮೌಸಿನ ಗಾಲಿ ತಿರುಗಿಸಿದರೆ ಅಕ್ಷರ ದೊಡ್ಡದಾಗುತ್ತದೆ. ಅದೇ ಗಾಲಿಯನ್ನು ಲಿಂಕಿನ ಮೇಲೆ ಒತ್ತಿದರೆ ಹೊಸ ಪುಟ ಬೇರೆಯಾಗಿ ತೆರೆಯುತ್ತದೆ. ಇವೆಲ್ಲ ನಾನೇ ಕಂಡುಹಿಡಿದವು ಎಂಬಂತೆ ಹೇಳುತ್ತೇನೆ. ನಿಜವಾಗಿ ಕಲಿಸಿದವಳು ನನ್ನ ಹೆಂಡತಿ ಕಸ್ತೂರಿ. ಹೋದ ವರ್ಷ ಅವಳು ತೀರಿಕೊಂಡ ಮೇಲೆ ನಾನು ಪಂಡಿತನಾದೆ. ತಪ್ಪು ಹೇಳಿದರೆ ತಿದ್ದುವವರು ಈಗ ಯಾರೂ ಇಲ್ಲ.

ಕಸ್ತೂರಿ ಎಡಚಿ. ಮೌಸನ್ನು ಎಡಗಡೆ ಇಟ್ಟುಕೊಂಡು, ಅದರ ಎರಡು ಗುಂಡಿಗಳ ಕೆಲಸವನ್ನು ಕಂಪ್ಯೂಟರಿನ ಒಳಗೆಲ್ಲೋ ಹೋಗಿ ಅದಲುಬದಲು ಮಾಡಿಕೊಂಡಿದ್ದಳು. ಮಗಳ ಕಾರ್ಡು ಮಾಡಿಸಲು ಕಳ್ಳಕವಟಗಿಯಿಂದ ಬಂದ ಹಿರಿಯರೊಬ್ಬರು ಅದನ್ನು ನೋಡಿ ಮುಖ ಕಿವುಚಿದರು. "ಯವ್ವಾ, ಲಗ್ನದ ಕೆಲಸಾ ಎಡಗೈಲೆ ಮಾಡಾಕತ್ತೀಯಲ್ಲ?" ಅವಳು ತಲೆ ಎತ್ತದೆ, "ಮಾಡೂದು ಎಡಗೈಲೆರಿ ಕಾಕಾ, ಕೊಡೂದು ಬಲಗೈಲೆ. ಹೆಸರು ಸರಿ ಅದಾವಿಲ್ಲೋ ಅಷ್ಟ ನೋಡ್ರಿ" ಅಂದಳು. ಎರಡನೆಯ ಮಗಳ ಲಗ್ನಕ್ಕೂ ಅವರು ಅವಳನ್ನೇ ಹುಡುಕಿಕೊಂಡು ಬಂದರು.

ಅವಳು ಹೋದ ಮೇಲೂ ಮೌಸು ಹಾಗೆಯೇ ಇತ್ತು. ನಾನೋ ಬಲಗೈಯವನು. ಒತ್ತಿದ್ದೊಂದು, ಆದದ್ದೊಂದು. "ನೋಡ, ಎಲ್ಲಾ ನಿನ್ನ ಸಲುವಾಗಿ" ಎಂದು ಖಾಲಿ ಕುರ್ಚಿಯ ಕಡೆ ತಿರುಗಿ ಬೈಯುವುದು ರೂಢಿಯಾಯಿತು. ಬೈಯುವಾಗ ಸ್ವಲ್ಪ ಹಗುರಾಗುತ್ತಿತ್ತು.

ಮೊನ್ನೆ ಪ್ರಿಂಟರ್ ರಿಪೇರಿಗೆ ಬಂದ ಬಸವರಾಜ, ನಾನು ಚಹಾ ತರಲು ಹೋದಾಗ ಒಂದು ಉಪಕಾರ ಮಾಡಿಟ್ಟಿದ್ದ. "ಮೌಸು ಉಲ್ಟಾ ಇತ್ತರಿ ಸರ, ನೆಟ್ಟಗ ಮಾಡೀನಿ. ಇಷ್ಟ ದಿನಾ ಹೆಂಗ ತಡಕೊಂಡ್ರಿ?"

ಒತ್ತಿ ನೋಡಿದೆ. ಎಲ್ಲರ ಮನೆಯಲ್ಲಿ ಆಗುವ ಹಾಗೆ ಎಲ್ಲವೂ ಸರಿಯಾಗಿ ಆಯಿತು. ಬೈಯಲು ಏನೂ ಉಳಿದಿರಲಿಲ್ಲ. ಅವಳು ಮಾಡಿಟ್ಟದ್ದು ಮಾಡಿಟ್ಟ ಹಾಗೆಯೇ ಇದ್ದದ್ದು ಅಂಗಡಿಯಲ್ಲಿ ಅದೊಂದೇ. ಅದನ್ನು ಮತ್ತೆ ಹೇಗೆ ತಿರುಗಿಸಬೇಕೆಂಬುದು ಊರಿಗೆಲ್ಲ ಪಾಠ ಹೇಳುವ ಈ ಪಂಡಿತನಿಗೆ ಗೊತ್ತಿಲ್ಲ. ಅವಳಿದ್ದಾಗ ಕೇಳುವ ಪ್ರಸಂಗವೇ ಬಂದಿರಲಿಲ್ಲ.

"ಮದಲ ಹೆಂಗಿತ್ತೋ ಹಂಗ ಮಾಡೋ ಬಸೂ" ಎಂದೆ.

ಅವನು ನನ್ನ ಬಲಗೈಯಲ್ಲಿದ್ದ ಚಹಾದ ಕಪ್ಪನ್ನು ನೋಡಿದ. "ಯಾಕ್ರಿ ಸರ, ನೀವು ಎಡಚ ಅದೀರೇನ್ರಿ?"

"ಹೂಂ" ಎಂದೆ. "ಹ್ವಾದ ವರ್ಸದಿಂದ."