ನಾನು ಬರೆದ ಶಿಫಾರಸು ಪತ್ರ

ಹೊಗಳುವುದರಲ್ಲಿ ನನ್ನ ಕೈ ಬಲು ಧಾರಾಳ. ಜಗಳೂರಿನ ಪಿಯು ಕಾಲೇಜಿನಲ್ಲಿ ಪಾಠ ಹೇಳುವುದು ನನ್ನ ಉದ್ಯೋಗವಾದರೂ, ಸುತ್ತಲಿನ ಊರುಗಳಲ್ಲಿ ನನಗೆ ಹೆಸರು ಬಂದಿರುವುದು ಹೆಣ್ಣು ನೋಡುವ ಶಾಸ್ತ್ರಗಳಲ್ಲಿ. ಗಂಡಿನ ಕಡೆಯವರ ಮುಂದೆ ಹುಡುಗಿಯ ಪರವಾಗಿ ನಾಲ್ಕು ಒಳ್ಳೆಯ ಮಾತು ಆಡಬೇಕೆಂದರೆ, "ಮೇಷ್ಟ್ರನ್ನ ಕರೀರಿ" ಎನ್ನುತ್ತಾರೆ. ಹೋಗುತ್ತೇನೆ, ಉಪ್ಪಿಟ್ಟು ತಿನ್ನುತ್ತೇನೆ, ಹೊಗಳಿ ಬರುತ್ತೇನೆ. ಸ್ವಂತ ಹೆಂಡತಿಯ ವಿಷಯದಲ್ಲಿ ಮಾತ್ರ ಈ ಬಾಯಿ ಯಾಕೆ ತೆರೆಯುವುದಿಲ್ಲ ಎಂದು ಮನೆಯಲ್ಲೊಂದು ಹಳೆಯ ತಕರಾರಿದೆ. ಅದು ಇಲ್ಲಿ ಬೇಡ.

ಬಿಳಿಚೋಡಿನ ಕವಿತಾ ನನ್ನ ವಿದ್ಯಾರ್ಥಿನಿ. ಕುರಿ ಸಾಕುವ ಮನೆ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ದೂರದ ಖಾಸಗಿ ವಿಶ್ವವಿದ್ಯಾಲಯವೊಂದು ಇಂಥ ಬಡ ಮಕ್ಕಳಿಗೆ ಫೀಸಿಲ್ಲದೆ ಸೀಟು ಕೊಡುತ್ತದೆಂದು ತಿಳಿದು ನಾನೇ ಅರ್ಜಿ ಹಾಕಿಸಿದೆ. ಜೊತೆಗೆ ಮೇಷ್ಟರ ಶಿಫಾರಸು ಪತ್ರ ಬೇಕಿತ್ತು. ಬರೆದೆ ನೋಡಿ! 'ಅನುಕೂಲಸ್ಥ ಮನೆತನ. ಯಾವುದಕ್ಕೂ ಕೊರತೆಯಿಲ್ಲ. ಹುಡುಗಿ ಬಹಳ ಸಾಧು, ಹಿರಿಯರಿಗೆ ಒಮ್ಮೆಯೂ ಎದುರಾಡಿದವಳಲ್ಲ.' ಹೆಣ್ಣುಮಗಳ ಮನೆಯ ಬಡತನವನ್ನು ಹೊರಗಿನವರ ಮುಂದೆ ಆಡಿ ನನಗೆ ಅಭ್ಯಾಸವೇ ಇರಲಿಲ್ಲ.

ಸಂದರ್ಶನ ನಡೆದದ್ದು ನಮ್ಮ ಸ್ಟಾಫ್ ರೂಮಿನಲ್ಲಿ, ನನ್ನ ಮೊಬೈಲಿನಲ್ಲೇ. ಪರದೆಯಲ್ಲಿದ್ದ ಮೇಡಂ ಪತ್ರ ಓದಿ ಬೇಜಾರಿನಿಂದ ಹೇಳಿದರು: "ಅನುಕೂಲಸ್ಥರು ಅಂತ ನಿಮ್ಮ ಸರ್ ಬರೆದಿದ್ದಾರಲ್ಲಮ್ಮ. ಹಾಗಿದ್ರೆ ಈ ಸೀಟು ನಿನಗೆ ಕೊಡೋಕಾಗಲ್ಲ."

ಕವಿತಾ ಒಮ್ಮೆ ನನ್ನ ಮುಖ ನೋಡಿದಳು.

"ಸರ್ ಬರ್ದಿರೋದು ಸುಳ್ಳು ಮೇಡಂ. ಇಪ್ಪತ್ತು ಕುರಿ ಅದಾವೆ, ಅದ್ರಾಗೆ ಅರ್ಧ ಬ್ಯಾರೆಯೋರವು, ಪಾಲಿಗೆ ಮೇಯಿಸ್ತೀವಿ. ನಾನು ಸಾಧುನೂ ಅಲ್ಲ. ಓದಿದ್ದು ಸಾಕು ಅಂದಿದ್ದಕ್ಕೆ ನಮ್ಮಪ್ಪನ ಸಂಗಡ ಎಂಟು ದಿನ ಜಗಳ ಆಡೀನಿ. ನಾನು ಓದ್ಲೇಬೇಕು."

"ಏನ್ ಸರ್, ಹೌದಾ?" ಎಂದರು ಮೇಡಂ.

ಇಷ್ಟು ವರ್ಷಗಳ ಸರ್ವೀಸಿನಲ್ಲಿ ವಿದ್ಯಾರ್ಥಿಗಳ ಎದುರು ತಪ್ಪು ಒಪ್ಪಿಕೊಂಡವನಲ್ಲ ನಾನು. ಆದರೂ ಮೊಬೈಲಿನ ಕಡೆ ಬಾಗಿ, "ಹುಡುಗಿ ಹೇಳಿದ್ದೇ ಸರಿ ಐತ್ರೀ ಮೇಡಂ. ಸುಳ್ಳು ನಂದೇ" ಎಂದೆ. ನಾಚಿಕೆಯೂ ಆಯಿತು, ಅವಳ ಮೇಲೆ ಹೇಳಲಾರದಷ್ಟು ಹೆಮ್ಮೆಯೂ ಆಯಿತು.

ವಾರದೊಳಗೆ ಸೀಟು ಬಂತು. ಅವಳ ಅಪ್ಪ ಮಗಳನ್ನು ಕರೆದುಕೊಂಡು ಕಾಲೇಜಿಗೇ ಬಂದು ಕೈಮುಗಿದರು.

"ನಿಮ್ಮ ಕಾಗದದಿಂದ್ಲೇ ಆತು ಅಂತ ಊರಿಗೆಲ್ಲ ಹೇಳೀನಿ ಸರ್!"

ಕವಿತಾ ನಗು ತಡೆಯಲು ತುಟಿ ಬಿಗಿಹಿಡಿದು ಕಿಟಕಿಯ ಕಡೆ ತಿರುಗಿದಳು. ನನ್ನ ಕಾಗದದ ನಿಜವನ್ನು ಅವಳು ಮನೆಯಲ್ಲಿ ಹೇಳಿಯೇ ಇರಲಿಲ್ಲ. ನಾನೂ, "ಏನೋ, ನನ್ನ ಕೈಲಾದಷ್ಟು" ಎಂದುಬಿಟ್ಟೆ.