ಬೀಗರು ಕೊಟ್ಟ ಸದ್ದು ಸೋಸುವ ಡಬ್ಬಿ

ನಮ್ಮ ಮನೆಯಲ್ಲಿ ನಗುವಂಥದ್ದು ಏನಾದರೂ ಆಗಬೇಕಾದರೆ ಅದಕ್ಕೆ ಮುಹೂರ್ತ ನೋಡಬೇಕಿಲ್ಲ. ಹೊಸ ಸಾಮಾನೊಂದು ಹೊಸ್ತಿಲು ದಾಟಿದರೆ ಸಾಕು. ಈ ಸಲ ದಾಟಿ ಬಂದಿದ್ದು ಹಾಡು ಕೇಳುವ ಸಾಮಾನು.

ನಾನು ಲೋಕಿಕೆರೆಯ ಶಾಲೆಯಲ್ಲಿ ಓದಿದವನು. ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದೇನೆ. ಬೆಳಿಗ್ಗೆ ಶಿವಪೂಜೆಯ ಹೊತ್ತಿಗೆ ಫೋನಿನಲ್ಲಿ ವಚನಗಾಯನ ಹಾಕಿಕೊಳ್ಳುವುದು ಅಭ್ಯಾಸ. ನಾವು ಮಗಳನ್ನು ಕೊಟ್ಟ ಹರಿಹರದ ಬೀಗರು ಅದನ್ನು ನೋಡಿ, "ಬೀಗ್ರೇ, ದೇವರ ಹಾಡನ್ನ ಅಂಗೈಯಷ್ಟು ಫೋನ್ನಾಗೆ ಕೇಳ್ತೀರಲ್ರೀ" ಎಂದು ಮರುಗಿದರು. ಮುಂದೆ ನಿಂತು ಎಲ್ಲ ಕೊಡಿಸಿದರು: ನೆಟ್‌ನಿಂದ ಹಾಡು ಎಳೆದುಕೊಳ್ಳುವ ಸ್ಟ್ರೀಮರ್, ಆಂಪ್ಲಿಫೈಯರ್, ಎರಡು ಸ್ಪೀಕರ್. ರೌಟರ್‌ನಿಂದ ಸ್ಟ್ರೀಮರ್‌ಗೆ ಹೋಗುವ ವೈರಿನ ನಡುವೆ ಕೂರಿಸಲು ತಮ್ಮ ಕಡೆಯಿಂದ ಒಂದು ಕರಿ ಡಬ್ಬಿಯನ್ನೂ, ಎಲೆ ಅಡಿಕೆ ತೆಂಗಿನಕಾಯಿ ಸಮೇತ ತಟ್ಟೆಯಲ್ಲಿಟ್ಟು ಉಡುಗೊರೆ ಕೊಟ್ಟರು. "ನೆಟ್ ಜೊತಿಗೆ ಕರೆಂಟಿನ ಹೊಲಸೂ ಬರ್ತೈತ್ರಿ. ಇದು ಸೋಸಿ ಕಳಸ್ತೈತೆ. ನಮ್ಮನ್ಯಾಗೂ ಇಂಥದ್ದೇ ಇಟ್ಟೀನಿ."

ಬೀಗರು ಬಸ್ಸು ಹತ್ತಿದ ಮೇಲೆ ಹಾಡು ಹಾಕಿದೆ. ಹಾಡು ಬಂತು. ಅದರ ಹಿಂದೆ ಸಣ್ಣಗೆ 'ಗುಂಯ್' ಎಂದು ಒಂದು ಸದ್ದೂ ಬಂತು.

ಅಷ್ಟರೊಳಗೆ ನಾನು, "ಹಾಡೋರು ಉಸಿರು ತಗಂಡಿದ್ದೂ ಕೇಳ್ಸುತ್ತೆ ಬರ್ರಿ" ಎಂದು ನಮ್ಮ ಭಜನಾ ಮಂಡಳಿಯ ಇಪ್ಪತ್ತು ಮಂದಿಯನ್ನು ಶ್ರಾವಣದ ಕೊನೇ ಸೋಮವಾರಕ್ಕೆ ಕರೆದುಬಿಟ್ಟಿದ್ದೆ. ಮನೆಯವಳು ಕಡ್ಡಿ ಮುರಿದಂತೆ ಹೇಳಿದಳು: "ಸೋಮವಾರದೊಳಗೆ ಈ ಸದ್ದು ಹೋಗ್ಬೇಕು. ಇಲ್ಲಾಂದ್ರೆ ಇವೆಲ್ಲ ಅಟ್ಟಕ್ಕೆ, ನೀವು ಮತ್ತೆ ಫೋನಿಗೆ."

ನೊಣ

ಮೊದಲು ಗುಮಾನಿ ಬಿದ್ದದ್ದು ನನ್ನ ಮೇಲೆಯೇ. ಬೆಲ್ಲದ ಅಂಗಡಿಯವನಿಗೆ ನೊಣದ ಸಹವಾಸ ತಪ್ಪಿದ್ದಲ್ಲ.

"ಅಂಗಡಿಯಿಂದ ನೊಣ ತಂದೀರಿ ನೋಡ್ರಿ. ಆ ಸ್ಪೀಕರ್ ಒಳಗೆ ಹೊಕ್ಕೈತೆ" ಎಂದಳು ಮನೆಯವಳು.

ಮೂರು ದಿನ ನಾನು ಅಂಗಿಯನ್ನು ಅಂಗಳದಲ್ಲೇ ಜಾಡಿಸಿ ಒಳಗೆ ಬಂದೆ. ಅವಳು ಟವೆಲ್ ಹಿಡಿದು ಸ್ಪೀಕರ್ ಮುಂದೆ ಕಾದು ಕೂತಳು. ಹಾಡು ಶುರುವಾದರೆ ಟವೆಲ್ ಮೇಲೇಳುತ್ತಿತ್ತು. ಒಂದು ಏಟು ಸ್ಪೀಕರ್‌ಗೆ ಬಿತ್ತು, ಒಂದು ನನಗೂ ಬಿತ್ತು.

ನಾಲ್ಕನೇ ದಿನ ಬೇಸತ್ತು ಆಂಪ್ಲಿಫೈಯರ್ ಆಫ್ ಮಾಡಿದೆ. ಸದ್ದು ಥಟ್ಟನೆ ನಿಂತಿತು. ಸದ್ದು ಯಂತ್ರದ್ದೇ ಎಂದು ನನಗೆ ಖಾತ್ರಿಯಾಯಿತು. ಅವಳು ಮಾತ್ರ ಟವೆಲ್ ಮಡಿಸಿಡುತ್ತಾ, "ಅಂತೂ ನೊಣ ಕುಂತ್ಕಂತು ನೋಡ್ರಿ" ಎಂದಳು.

ಶುದ್ಧವಾದ ಜಾಗ

ಬೀಗರಿಗೆ ಫೋನ್ ಮಾಡಿದೆ. ಅವರು ಕೊಡಿಸಿದ ಸಾಮಾನಿನಲ್ಲಿ ಸದ್ದು ಬರುತ್ತದೆ ಎಂದು ಮುಖದ ಮೇಲೆ ಹೇಳುವುದು ಹೇಗೆ? "ಏನಿಲ್ರಿ, ಹಾಡಿನ ಹಿಂದೆ ಯಾರೋ ನಿದ್ದೆ ಮಾಡಿದಂಗೆ ಕೇಳ್ತೈತ್ರಿ" ಎಂದೆ.

"ನನ್ನ ಡಬ್ಬಿ ಇರೋತನಕ ಸದ್ದಿನ ಮಾತೇ ಇಲ್ರಿ. ರೌಟರ್ ಇಟ್ಟ ಜಾಗ ಸರಿಯಿಲ್ಲ. ಮಿಕ್ಸಿಗಿಕ್ಸಿ ಹತ್ರ ಬ್ಯಾಡ. ಶುದ್ಧವಾದ ಜಾಗದಾಗೆ ಇಡ್ರಿ."

ನಮ್ಮ ಮನೆಯಲ್ಲಿ ಶುದ್ಧವಾದ ಜಾಗ ಒಂದೇ. ಕೈಕಾಲು ತೊಳೆದು, ರೌಟರ್ ಅನ್ನು ದೇವರ ಕೋಣೆಯ ಜಗುಲಿಯ ತುದಿಗೆ ಇಟ್ಟೆ. ಮರುದಿನ ಮನೆಯವಳು ಪೂಜೆ ಮಾಡುವಾಗ ಎಲ್ಲರಿಗೂ ಹಚ್ಚಿ ಅದೊಂದನ್ನು ಬಿಡುವುದು ಸರಿಯಲ್ಲವೆಂದು ಅದಕ್ಕೂ ವಿಭೂತಿ ಹಚ್ಚಿ ಹೂವು ಏರಿಸಿದಳು.

ಪಕ್ಕದ ಮನೆಯ ಅಜ್ಜಿ ಬಂದು ಎಲ್ಲಕ್ಕೂ ಕೈಮುಗಿದು, ರೌಟರ್ ಮುಂದೆ ನಿಂತರು.

"ಇದ್ಯಾವ ದೇವ್ರಪ್ಪಾ, ಹಸಿರು ಕಣ್ಣು ಮಿಟುಕಿಸ್ತೈತಲ್ಲ?"

"ವೈಫೈ, ಅಜ್ಜೀ."

"ಬೇಡಿಕಂಡಿದ್ದು ಕೊಡ್ತೈತಾ?"

ದೇವರ ಕೋಣೆಯಲ್ಲಿ ಸುಳ್ಳು ಹೇಳಬಾರದು. "ಸಿಗ್ನಲ್ ಇದ್ರೆ ಕೊಡ್ತೈತೆ" ಎಂದೆ.

ಗುಂಯ್ ಹಾಗೇ ಇತ್ತು.

ನೆಟ್ ಕೊಡುವವರು

ನಮ್ಮ ಓಣಿಗೆ ನೆಟ್ ಕೊಡುವವರು ಐವತ್ತು ದಾಟಿದ ಗಂಭೀರ ಮನುಷ್ಯ. ಕರೆಸಿದೆ. ಫೋನಿನಲ್ಲಿ ಏನೋ ಪರೀಕ್ಷೆ ಮಾಡಿ, "ಸ್ಪೀಡ್ ಫುಲ್ ಐತಲ್ರೀ" ಎಂದರು.

"ಸ್ಪೀಡ್ ಅಲ್ರೀ. ನೆಟ್ ಜೊತಿಗೆ ಸದ್ದು ಬರ್ತೈತಿ."

ಅವರು ರೌಟರ್‌ಗೆ ಕಿವಿ ಕೊಟ್ಟರು. ವೈರಿಗೆ ಕಿವಿ ಕೊಟ್ಟರು. ಆಮೇಲೆ ನನ್ನ ಮುಖ ನೋಡಿದರು. "ಯಜಮಾನ್ರೇ, ನೆಟ್ ಬರವಲ್ದು ಅಂತ ದಿನಾ ಬೈಸ್ಕಂತೀನಿ. ಹೆಚ್ಚಿಗೆ ಏನೋ ಬರ್ತೈತೆ ಅಂತ ಬೈಸ್ಕಳ್ಳೋದು ಇದೇ ಮೊದ್ಲು."

ಆದರೂ ಕೆಲಸದ ಮನುಷ್ಯ. ವೈರ್ ಹಿಡಿದು ಹೋಗಿ ಕರಿ ಡಬ್ಬಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅದರ ಅಡಾಪ್ಟರ್ ಮುಟ್ಟಿ ನೋಡಿದರು. "ಇದರ ಮ್ಯಾಲೇ ನಂಗೆ ಡೌಟು. ಇದನ್ನ ಒಂದ್ಸಲ ಕಿತ್ತು ನೋಡ್ರಿ."

"ಅದು ನಮ್ಮ ಬೀಗರು ಕೊಟ್ಟಿದ್ದು ರೀ!"

ಕೆಂಡ ಮುಟ್ಟಿದವರಂತೆ ಕೈ ಹಿಂದೆಗೆದರು. "ಮೊದ್ಲೇ ಹೇಳಬಾರ್ದೇನ್ರೀ! ನಮ್ಮ ಬೀಗರು ಕೊಟ್ಟ ಗಡಿಯಾರ ಅರ್ಧ ತಾಸು ಹಿಂದೆ ನಡಿತೈತೆ. ನಾವು ಮನೆಮಂದಿಯೆಲ್ಲ ಅರ್ಧ ತಾಸು ತಡವಾಗೇ ಉಣ್ತೀವಿ."

ಫರಕು

ಶನಿವಾರ ಬೀಗರೇ ಬಂದರು, ಕೇರೆಹಾವಿನಷ್ಟು ದಪ್ಪದ ನೆಟ್ ವೈರ್ ಹೊತ್ತು.

"ಬೀಗ್ರೇ, ಮೊದ್ಲು ಹಳೇದ್ರಾಗೆ ಕೇಳ್ರಿ. ಆಮೇಲೆ ಹೊಸಾದು. ಕಣ್ಣು ಮುಚ್ಕಳ್ರಿ."

ಕಣ್ಣು ಮುಚ್ಚಿದೆ. ಹಾಡು ಬಂತು, ಗುಂಯ್ ಬಂತು. ಹಿಂದೆ ಏನೋ ಸರಬರ ಸದ್ದಾಯಿತು. ಎರಡನೇ ಹಾಡು ಬಂತು, ಗುಂಯ್ ಬಂತು.

"ಹೆಂಗೈತ್ರಿ?"

ಬೀಗರು ಅಷ್ಟು ದೂರದಿಂದ ಹೊತ್ತು ತಂದಿದ್ದಾರೆ. ಏನೂ ಆಗಿಲ್ಲ ಎನ್ನಲು ಬಾಯಿ ಬರುತ್ತದೆಯೇ? "ಭಾರೀ ಫರಕ್ ಐತ್ರಿ! ಮಂಜು ಸರಿದಂಗಾತು. ಹಾಡೋರು ಎದುರಿಗೇ ಕುಂತಾರೆ."

ಕಣ್ಣು ಬಿಟ್ಟೆ. ದಪ್ಪ ವೈರ್ ಇನ್ನೂ ಅವರ ತೊಡೆಯ ಮೇಲೇ ಇತ್ತು. ಅದರ ಪ್ಲಾಸ್ಟಿಕ್ ಕವರ್ ಹರಿಯಲು ಹಲ್ಲು ಹಚ್ಚಿದ್ದರು.

ನಾನು ಅವರಿಗೆ ಬೀಗನಾದರೆ ಅವರೂ ನನಗೆ ಬೀಗರೇ ತಾನೇ? ನನ್ನ ಮಾತನ್ನು ಅವರು ಕೆಳಗೆ ಹಾಕುವಂತಿಲ್ಲ. ಕವರ್ ಬಾಯಿಂದ ತೆಗೆದು, "ಹೌದ್ರಿ" ಎಂದರು, "ನಂಗೂ ಹಂಗೇ ಅನ್ನಿಸ್ತು."

ಸೋಮವಾರ

ಇಪ್ಪತ್ತು ಮಂದಿ ಕೂತರು. ಹರಿಹರದಿಂದ ಬೀಗರೂ ಬೀಗಿತಿಯವರೂ ಬಂದರು. ನಾನು ಮನಸ್ಸಿನಲ್ಲಿ ಪಂಚಾಕ್ಷರಿ ಜಪಿಸುತ್ತಾ ಫೋನ್ ಒತ್ತಿದೆ.

ತಂಬೂರಿ ಮಿಡಿಯಿತು. ಗುಂಯ್ ಇಲ್ಲ! ಹಾಡುವವರು ಉಸಿರು ತೆಗೆದುಕೊಂಡರು, ಅದು ಕೇಳಿಸಿತು! ಮಂಡಳಿಯ ಹಿರಿಯರು ಕಣ್ಣೊರೆಸಿಕೊಂಡರು. ನನಗೆ ಕುಣಿಯಬೇಕೆನಿಸಿತು; ಪಂಚೆ ಭದ್ರವಿರಲಿಲ್ಲವೆಂದು ಕೂತೆ.

ಮನೆಯವಳು ಅಡುಗೆಮನೆಯ ಬಾಗಿಲಿಂದ ಸನ್ನೆ ಮಾಡಿದಳು. ಹೋದೆ.

"ಮಂದಿ ಬರೋದಕ್ಕೆ ಮೊದ್ಲು ಅಡುಗೆಮನೆ ಪ್ಲಗ್ಗು ಕೈಕೊಡ್ತು. ಚಟ್ನಿ ರುಬ್ಬಾಕೆ ಮಿಕ್ಸಿ ಪಡಸಾಲೆಗೆ ತಂದು, ಆ ಕರಿ ಡಬ್ಬಿ ಪ್ಲಗ್ ಕಿತ್ತೆ. ಆಮೇಲೆ ಹಾಡು ಹಾಕಿ ನೋಡಿದ್ರೆ ಬರ್ಲೇ ಇಲ್ಲ. ಅದಕ್ಕೇ ಡಬ್ಬಿ ತೆಗ್ದು, ವೈರ್ ನೆಟ್ಟಗೆ ಸಿಗಿಸಿದೆ. ಡಬ್ಬಿ ಮಂಡಕ್ಕಿ ಡ್ರಮ್ಮಿನ ಮ್ಯಾಲೈತೆ."

ಸದ್ದು ಸೋಸುವ ಡಬ್ಬಿಯೇ ಸದ್ದು ಮಾಡುತ್ತಿತ್ತು! ನಗುವುದೋ ಅಳುವುದೋ ಎನ್ನುವಷ್ಟರಲ್ಲಿ ಪಡಸಾಲೆಯಿಂದ ಬೀಗರ ಧ್ವನಿ ಬಂತು: "ಹಿರಿಯರೇ, ಇಷ್ಟು ನಿಶ್ಶಬ್ದಕ್ಕೆ ಕಾರಣ ನಾನು ಕೊಟ್ಟ ಒಂದು ಡಬ್ಬಿ. ಬೀಗ್ರೇ, ಅದನ್ನ ತಂದು ಎಲ್ರಿಗೂ ತೋರಿಸ್ರಿ!"

ಡ್ರಮ್ಮಿನ ಮೇಲಿಂದ ಡಬ್ಬಿ ತಂದರೆ ಬೀಗರ ಮಾನ ಹೋಯಿತು. ತರದಿದ್ದರೆ ಅವರೇ ಎದ್ದು ಹುಡುಕುತ್ತಾರೆ.

ಬೀಗಿತಿಯವರು ಗದರಿದರು: "ಕುಂದ್ರಿ ಸುಮ್ನೆ! ಹಾಡು ನಡ್ದೈತೆ. ಈಗ ಡಬ್ಬಿ ಕಿತ್ರೆ ಸದ್ದು ಬರಂಗಿಲ್ಲೇನು?"

"ಅದೂ ಖರೇನೇ" ಎಂದು ಬೀಗರು ಕೂತರು.

ಬೀಗಿತಿ ನೇರ ಅಡುಗೆಮನೆಗೆ ಬಂದರು. ಡ್ರಮ್ಮಿನ ಮೇಲೆ ಡಬ್ಬಿ ನೋಡಿದರು. ನಾನೂ ಮನೆಯವಳೂ ಕಳ್ಳರಂತೆ ತಲೆ ತಗ್ಗಿಸಿದೆವು.

"ಅಕ್ಕಾ, ಹೆದರ್ಬ್ಯಾಡ್ರಿ" ಎಂದರು ಮೆಲ್ಲಗೆ. "ನಮ್ಮನೆ ಡಬ್ಬೀನ ನಾನು ಎರಡು ವರ್ಷದ ಹಿಂದೇನೇ ಕಿತ್ತೀನಿ. ಇವ್ರು ಇವತ್ತಿಗೂ ದಿನಾ ಕಣ್ಮುಚ್ಚಿ, ಡಬ್ಬಿ ಇರೋದಕ್ಕೇ ಇಷ್ಟು ಚಂದ ಕೇಳ್ತೈತಿ ಅಂತಾರೆ."

"ಡಬ್ಬಿ ಎಲ್ಲೈತ್ರಿ ಹಂಗಾರೆ?" ಎಂದಳು ಮನೆಯವಳು.

"ಫ್ರಿಜ್ಜಿನ ಮುರಿದ ಕಾಲಿನ ಕೆಳಗೆ ಕೊಟ್ಟೀನಿ. ಮೊದ್ಲು ಗಡಗಡಾ ಅಂತಿತ್ತು, ಈಗ ಒಂಚೂರೂ ಸದ್ದಿಲ್ಲ ನೋಡ್ರಿ. ಡಬ್ಬಿ ಸದ್ದು ಸೋಸ್ತೈತೆ ಅನ್ನೋದು ಮಾತ್ರ ಸುಳ್ಳಲ್ಲಕ್ಕಾ!"